ಬೀಗದ ಕೈ ಯಾರ ಸೊಂಟದಲ್ಲಿತ್ತು?

(ಬಾಗೂರಿನ ಸಭೆಯಲ್ಲಿ ಆಡಿದ ಮಾತು. ಕೇಳಿದವರು ಬರೆದು ಕೊಡಿ ಎಂದಿದ್ದರಿಂದ ಇಲ್ಲಿ ಬರಹಕ್ಕೆ ಇಳಿಸಿದೆ.)

ಬಂಧುಗಳೇ, ಅಕ್ಕ ತಂಗಿಯರೇ, ಕೂಲಿ ಮುಗಿಸಿ ಬಂದು ಕೈಕಾಲು ಕೂಡ ತೊಳೆಯದೆ ಹಿಂದೆ ನಿಂತಿರುವ ಅಣ್ಣಂದಿರೇ,

"ಕೊರೋನಾ ಬಂದು ಹೋಗಿ ಇಷ್ಟು ವರ್ಷ ಆಯ್ತು. ಸತ್ತೋರು ಸತ್ತರು. ಈಗ ಯಾಕಪ್ಪ ಆ ಮಾತು?" ಎಂದು ಈ ಸಭೆಗೆ ಕರೆಯಲು ಹೋದಾಗ ಕೇರಿಯಲ್ಲಿ ಕೇಳಿದರು. ಯಾಕೆ ಅಂದರೆ ಓದಿದವರ ನಡುವೆ ಆ ವಾದ ಇನ್ನೂ ಮುಗಿದಿಲ್ಲ. "ಆವತ್ತು ಲಾಕ್‌ಡೌನ್ ಮಾಡಿದ್ದೇ ತಪ್ಪು, ದೇಶ ಹಾಳಾಯ್ತು" ಅಂತ ಒಬ್ಬರು. "ಬೇಗ ಸಡಿಲ ಮಾಡಿದ್ದೇ ತಪ್ಪು, ಅದಕ್ಕೇ ಹೆಣ ಬಿದ್ದವು" ಅಂತ ಇನ್ನೊಬ್ಬರು. ಇಬ್ಬರ ಕೈಯಲ್ಲೂ ಒಂದೇ ತಕ್ಕಡಿ. ಒಂದು ತಟ್ಟೆಯಲ್ಲಿ ವ್ಯಾಪಾರ, ಇನ್ನೊಂದು ತಟ್ಟೆಯಲ್ಲಿ ಜೀವ. ನಾವು ಕೇಳುವುದು ಇಷ್ಟೆ. ಈ ತಟ್ಟೆಯಲ್ಲಿಟ್ಟ ಜೀವ ಯಾರದು? ಆ ತಟ್ಟೆಯಲ್ಲಿಟ್ಟ ದುಡಿಮೆ ಯಾರದು? ಎರಡೂ ನಮ್ಮವೇ. ಮುಚ್ಚಿದರೆ ನಮ್ಮ ಹೊಟ್ಟೆ, ತೆಗೆದರೆ ನಮ್ಮ ಉಸಿರು. ತೂಗುವವನ ಕೈ ಮಾತ್ರ ನಮ್ಮದಲ್ಲ.

ನಮ್ಮಲ್ಲೂ ಈ ವಾದ ನಡೆದಿತ್ತು. 2020ರ ಏಪ್ರಿಲ್ ತಿಂಗಳು. ಕೇರಿಯ ಮಾರಮ್ಮನ ಗುಡಿ ಮುಂದೆ ನಾಲ್ಕು ಜನ ಕೂತಿದ್ದರು. ಟೆಂಪೋಗೆ ಕಾಯಿ ಲೋಡು ಮಾಡುವ ಹುಡುಗ ಒಬ್ಬ ಹೇಳಿದ, "ತೆಗೀಲಿ ಕಣ್ರೋ. ರೋಗ ಬಂದ್ರೆ ನೂರಕ್ಕೆ ಒಬ್ನೋ ಇಬ್ರೋ ಸಾಯ್ತಾರೆ. ಹಿಂಗೇ ಕುಂತ್ರೆ ಎಲ್ಲಾ ಸಾಯಾದೇ." ಗುಡಿಯ ಗೋಡೆಗೆ ಒರಗಿ ಕೂತಿದ್ದ ಮುದುಕಿ ಎಲೆಅಡಿಕೆ ಉಗಿದು ಅಂದಳು, "ಆ ಒಬ್ರು ಇಬ್ರು ಅಂದ್ಯಲ್ಲ, ಅದು ಯಾರು ಅಂದ್ಕಂಡೆ? ನಾನೇ ಕಣ್ ಮಗ." ಹುಡುಗ ಸುಮ್ಮನಾದ. ಆದರೆ ಅವನ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ, ಅದೂ ಸುಳ್ಳಲ್ಲ. ಟಿ.ವಿ.ಯಲ್ಲಿ ತಿಂಗಳುಗಟ್ಟಲೆ ತಜ್ಞರು ಮಾತಾಡಿದರು. ಈ ಇಬ್ಬರು ಆಡಿದಷ್ಟು ನೇರವಾದ ಮಾತು ಅಲ್ಲಿ ನಮ್ಮ ಕಿವಿಗೆ ಬೀಳಲಿಲ್ಲ.

ಈಗ ಮುಚ್ಚಿದ ಕತೆ. 2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ಒಬ್ಬ ವೃದ್ಧರು ತೀರಿಕೊಂಡರು. ಇಂಡಿಯಾದ ಮೊದಲ ಕೊರೋನಾ ಸಾವು ನಮ್ಮ ರಾಜ್ಯದ್ದು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿ.ವಿ.ಯಲ್ಲಿ ಬಂದರು. ಹನ್ನೆರಡು ಗಂಟೆಯಿಂದ ದೇಶವೆಲ್ಲಾ ಬಂದ್, 21 ದಿನ, ಎಂದರು. ಗಡುವು ನಾಲ್ಕು ಗಂಟೆ. ಮದುವೆ ಮನೆಯಲ್ಲಿ ಪಾತ್ರೆ ತೊಳೆದು ಮುಗಿಸಲು ನಾಲ್ಕು ಗಂಟೆ ಸಾಲದು. "ಮನೆಯಲ್ಲೇ ಇರಿ" ಎಂದರು. ಒಂದೇ ಅಂಕಣದಲ್ಲಿ ಏಳು ಜನ ಮಲಗುವವರಿಗೆ ಮನೆಯಲ್ಲೇ ಇರುವುದು ಅಂದರೆ ಏನು? ದೂರ ದೂರ ನಿಲ್ಲಿ ಎಂದರು. ಅದನ್ನು ನಮಗೆ ಹೇಳಿಕೊಡಬೇಕಾಗಿರಲಿಲ್ಲ, ಬಿಡಿ. "ಪದೇ ಪದೇ ಕೈ ತೊಳೆಯಿರಿ" ಎಂದರು. ಬಾಗೂರು-ನವಿಲೆ ಸುರಂಗದೊಳಗೆ ಹೇಮಾವತಿ ನಮ್ಮ ಕಾಲ ಕೆಳಗೇ ತುಮಕೂರಿಗೆ ಹರಿದು ಹೋಗುತ್ತಾಳೆ. ಕೇರಿಯ ನಲ್ಲಿಯ ಮುಂದೆ ಕೊಡ ಸಾಲು ನಿಂತಿರುತ್ತೆ.

ಆದರೂ ನಮ್ಮ ಜನ ಮುಚ್ಚಿದ್ದನ್ನು ಒಪ್ಪಿದರು. ಹೆದರಿ ಒಪ್ಪಿದರು, ತಿಳಿದೂ ಒಪ್ಪಿದರು. ಊರಿಗೆ ರೋಗ ಬಂದಾಗ ಊರು ಬಿಡುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿದ್ಯೆ. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಹೊಕ್ಕಾಗ, ಆಮೇಲೂ ಎಷ್ಟೋ ವರ್ಷ, ಇಲಿ ಬಿದ್ದಿತು ಅಂದರೆ ಸಾಕು, ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಹೊಲ ಇದ್ದವರು ತಮ್ಮ ಹೊಲದಲ್ಲಿ ಕಟ್ಟಿಕೊಂಡರು. ಹೊಲ ಇಲ್ಲದವರು ಎಲ್ಲಿ ಕಟ್ಟಿಕೊಂಡರು ಅನ್ನುವುದನ್ನು ಯಾರೂ ಬರೆದಿಡಲಿಲ್ಲ.

ಮುಚ್ಚಿದ ಮೇಲೆ ಕೊಟ್ಟದ್ದೇನು? ರೇಷನ್ ಅಕ್ಕಿ ಬಂತು, ತಲೆಗೆ ಐದು ಕೆ.ಜಿ. ಹೆಚ್ಚಿಗೆ. ಅದಿಲ್ಲದಿದ್ದರೆ ಇನ್ನೂ ಎಷ್ಟು ಜನ ಹೋಗುತ್ತಿದ್ದರೋ. ಇದನ್ನು ನಾವು ಮರೆಯಬಾರದು. ಆದರೆ ಬರೀ ಅಕ್ಕಿಯಲ್ಲಿ ಬದುಕು ನಡೆಯುತ್ತದೆಯೇ? ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಸಾರಿತು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಡ್ರೈವರುಗಳಿಗೆ ಒಂದು ಸಲ 5 ಸಾವಿರ. ಸರಿ, ಅವರೂ ನಮ್ಮಂಥವರೇ, ಅಷ್ಟಾದರೂ ಸಿಕ್ಕಲಿ. ಹೂ ಬೆಳೆದ ರೈತರಿಗೆ ಹೆಕ್ಟೇರಿಗೆ 25 ಸಾವಿರ. ಅದೂ ಸರಿ. ಆ ಹೂವನ್ನು ಬಿಡಿಸುವ ಹೆಣ್ಣಾಳಿಗೆ? ಕಾಯಿ ಸುಲಿಯುವವನಿಗೆ? ಜಮೀನಿಲ್ಲದ, ಕಾರ್ಡಿಲ್ಲದ, ಸಂಘವಿಲ್ಲದ ಬರೀ ಕೂಲಿಗೆ? ಅವರ ಹೆಸರು ಪಟ್ಟಿಯಲ್ಲೇ ಇಲ್ಲ. ಉದ್ಯೋಗ ಖಾತ್ರಿಗೆ ಹೋಗಿ ಎಂದರು. ಆ ವರ್ಷ ದಿನಕ್ಕೆ 275 ರೂಪಾಯಿ, ಕೆಲಸ ಸಿಕ್ಕ ದಿನ.

ಇನ್ನು ತೆಗೆದ ಕತೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ವಂಚನೆ ಇರುವುದು ಇಲ್ಲಿ.

ಯಾವುದನ್ನು ಮೊದಲು ತೆಗೆದರು ನೆನಪಿದೆಯೇ? 2020ರ ಮೇ 4ನೇ ತಾರೀಕು ಹೆಂಡದಂಗಡಿ. ಅವತ್ತು ಒಂದೇ ದಿನ ರಾಜ್ಯದಲ್ಲಿ 45 ಕೋಟಿ ರೂಪಾಯಿ ವ್ಯಾಪಾರ, ಮಾರನೇ ದಿನ 197 ಕೋಟಿ. ನಲವತ್ತು ದಿನ ದುಡ್ಡಿಲ್ಲ ಎಂದು ಅಳುತ್ತಿದ್ದ ಮನೆಗಳಿಂದ, ಹೆಂಗಸರ ಸೆರಗಿನ ಗಂಟಿನಿಂದ, ಆ ದುಡ್ಡು ಹೊರಗೆ ಬಂತು. ನಮ್ಮ ಅಕ್ಕಂದಿರನ್ನು ಯಾರಾದರೂ ಕೇಳಿದ್ದರೆ ಯಾವುದನ್ನು ಕೊನೆಗೆ ತೆಗೆಯಬೇಕು ಎಂದು ಹೇಳುತ್ತಿದ್ದರು.

ಮೇ 5ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಬೆಂಗಳೂರಿನ ದೊಡ್ಡ ದೊಡ್ಡ ಬಿಲ್ಡರುಗಳ ಜತೆ ಕೂತು ಮಾತಾಡಿದರು. ಅವತ್ತೇ ರೈಲ್ವೆಯವರಿಗೆ ಸರ್ಕಾರದಿಂದ ಕಾಗದ ಹೋಯಿತು: ನಾಳೆಯಿಂದ ಕೂಲಿಯವರನ್ನು ಊರಿಗೆ ಕರೆದೊಯ್ಯುವ ಶ್ರಮಿಕ ರೈಲು ಬೇಡ. ಕಟ್ಟಡ ಕೆಲಸ ಶುರುವಾಗುತ್ತಿದೆ, ಆಳು ಬೇಕು! ಬಿಹಾರದವನೋ ಒಡಿಶಾದವನೋ, ತಿಂಗಳಿಡೀ ತಗಡಿನ ಶೆಡ್ಡಿನಲ್ಲಿ ಹಸಿದು ಕೂತಿದ್ದವನು. ಹೆಂಡತಿ ಮಕ್ಕಳ ಮುಖ ನೋಡಬೇಕು ಎಂದು ಮೂಟೆ ಕಟ್ಟಿದ್ದವನು. ಅವನನ್ನು ಕಟ್ಟಿಹಾಕಿದರು. ಜೀತ ರದ್ದಾಗಿದ್ದು 1976ರ ಕಾನೂನಿನಲ್ಲಿ ಎಂದು ನಾವು ಪಾಠದಲ್ಲಿ ಓದಿದ್ದೆವು. ದೇಶವೆಲ್ಲಾ ಛೀ ಎಂದ ಮೇಲೆ ಮೇ 7ರಂದು ಆ ತೀರ್ಮಾನ ವಾಪಸ್ಸು ತೆಗೆದುಕೊಂಡರು, 8ರಿಂದ ರೈಲು ಮತ್ತೆ ಹೊರಟಿತು. ಎರಡೇ ದಿನದ ಮಾತು ಎನ್ನಬಹುದು. ಆದರೆ ಆ ಎರಡು ದಿನದಲ್ಲಿ ಬಾಗಿಲು ತೆಗೆಯುವುದು ಯಾರಿಗಾಗಿ ಎಂಬುದು ಬೆತ್ತಲೆಯಾಗಿ ಕಂಡಿತು.

ಇನ್ನೂ ಇದೆ. ಏಪ್ರಿಲ್ ಕೊನೆಗೆ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು, ಲಾಕ್‌ಡೌನ್ ಹೀಗೇ ಮುಂದುವರಿದರೆ ರೋಗಕ್ಕಿಂತ ಹಸಿವಿನಿಂದ ಹೆಚ್ಚು ಜನ ಸಾಯುತ್ತಾರೆ ಎಂದರು. ಮಾತಿನಲ್ಲಿ ನಿಜ ಉಂಟು, ನಮ್ಮ ಟೆಂಪೋ ಹುಡುಗ ಹೇಳಿದ್ದೂ ಅದನ್ನೇ. ಆದರೆ ಅದೇ ದಿನಗಳಲ್ಲಿ ಅವರು ಇನ್ನೊಂದನ್ನೂ ಹೇಳಿದರು. ದೇಶ ಚೇತರಿಸಿಕೊಳ್ಳಬೇಕಾದರೆ ಎರಡು ಮೂರು ವರ್ಷ ಜನ ದಿನಕ್ಕೆ 10 ಗಂಟೆ, ವಾರಕ್ಕೆ 6 ದಿನ ದುಡಿಯಬೇಕಂತೆ. ಮೇ 22ಕ್ಕೆ ರಾಜ್ಯ ಸರ್ಕಾರದ ಆದೇಶ ಬಂತು: ಕಾರ್ಖಾನೆಗಳಲ್ಲಿ 8 ಗಂಟೆ ಇದ್ದ ದುಡಿಮೆ 10 ಗಂಟೆ, ವಾರಕ್ಕೆ 48 ಇದ್ದದ್ದು 60. ಹಸಿದವನ ಹೆಸರು ಹೇಳಿ ಬಾಗಿಲು ತೆಗೆಸುವುದು, ಒಳಕ್ಕೆ ಬಂದವನ ಕತ್ತಿಗೆ ಇನ್ನೆರಡು ಗಂಟೆ ಕಟ್ಟುವುದು! ಕಾರ್ಮಿಕ ಸಂಘದವರು ಹೈಕೋರ್ಟಿಗೆ ಹೋದರು, ಜೂನ್ 11ಕ್ಕೆ ಆದೇಶ ಬಿದ್ದುಹೋಯಿತು. ಸಂಘ ಇದ್ದದ್ದಕ್ಕೆ ಅದು ಬಿತ್ತು, ಇದನ್ನು ಗುರುತು ಹಾಕಿಕೊಳ್ಳಿ.

ಅದೇ ಮೇ ತಿಂಗಳಲ್ಲಿ ನಮ್ಮ ತಾಲ್ಲೂಕಿನ ಸರದಿಯೂ ಬಂತು. ಅಲ್ಲಿಯವರೆಗೆ ಹಾಸನ ಜಿಲ್ಲೆ ಹಸಿರು ವಲಯ. ಮೇ 12ರಂದು ಮುಂಬೈಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದ ಐದು ಜನರಲ್ಲಿ ರೋಗ ಕಾಣಿಸಿತು. ಜಿಲ್ಲೆಯ ಮೊದಲ ಪ್ರಕರಣ ಅದೇ. ಅವತ್ತಿನಿಂದ 'ಮುಂಬೈಯವರು' ಅನ್ನುವುದು ಬೈಗುಳವಾಯಿತು. ಊರ ಬಾಯಿಗೆ ಬೇಲಿ ಮುಳ್ಳು ಬಿತ್ತು. ಇಲ್ಲಿ ಮಳೆ ಇಲ್ಲ, ತೆಂಗು ಒಣಗಿದೆ, ಕೂಲಿ ಇಲ್ಲ ಎಂದು ಹೋಟೆಲಿನಲ್ಲಿ ಲೋಟ ತೊಳೆಯಲು ಮುಂಬೈಗೆ ಹೋದವರು ನಮ್ಮ ಅಣ್ಣ ತಮ್ಮಂದಿರೇ ಅಲ್ಲವೇ? ಮೇ 18ಕ್ಕೆ ಮಹಾರಾಷ್ಟ್ರ, ಗುಜರಾತು, ತಮಿಳುನಾಡಿನಿಂದ ಯಾರೂ ಬರಕೂಡದು ಎಂದು ಸರ್ಕಾರ ಗಡಿ ಮುಚ್ಚಿತು. ಗಡಿಯೊಳಗೆ ಬಂದವರನ್ನು ಹಾಸ್ಟೆಲುಗಳಲ್ಲಿ, ವಸತಿ ಶಾಲೆಗಳಲ್ಲಿ ಇಟ್ಟರು. ಬೇಲಿ ಹಾಕಿದವರ ಹೆದರಿಕೆ ನಮಗೂ ಅರ್ಥವಾಗುತ್ತೆ, ಆ ಬೇಲಿಯ ಈಚೆ ನಾವೂ ನಿಂತಿದ್ದೆವು. ಅದಕ್ಕೇ ಹೇಳುವುದು, ಈ ಪ್ರಶ್ನೆ ಸುಲಭದ್ದಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನಲ್ಲಿ ಮೂವರು ಪ್ರೊಫೆಸರುಗಳು ಒಂದು ಹೇಳಿಕೆ ಹೊರಡಿಸಿದರು. ಎಳೆಯರು, ಗಟ್ಟಿಮುಟ್ಟಾದವರು ಎಂದಿನಂತೆ ಓಡಾಡಲಿ, ದುಡಿಯಲಿ. ಮುದುಕರನ್ನು, ಕಾಯಿಲೆಯವರನ್ನು ಮಾತ್ರ ಬೇರೆ ಇಟ್ಟು ಕಾಪಾಡೋಣ ಎಂದು. ಕೇಳಲು ಬಹಳ ನ್ಯಾಯವಾಗಿದೆ. ಹಾಗಾದರೆ ನಮ್ಮ ಮುದುಕಿಯನ್ನು ಎಲ್ಲಿ ಇಡೋಣ? ಮೊಮ್ಮಗ ಲೋಡು ಇಳಿಸಿ ಬಂದು ಅವಳ ಪಕ್ಕದಲ್ಲೇ ಮಲಗುತ್ತಾನೆ. ಅವಳ ಮಡಿಲಲ್ಲಿ ಕೂಸು, ಕಾಲ ಹತ್ತಿರ ಮೇಕೆ. ಬೇರೆ ಕೋಣೆ ಇದ್ದವರು ಬರೆದ ಶಾಸ್ತ್ರ ಅದು. ವಿದ್ವಾಂಸರು ಕೆಟ್ಟವರು ಅಂತಲ್ಲ. ಅವರ ಮನೆಗೆ ಗೋಡೆಗಳು ಜಾಸ್ತಿ.

ಈಗ 2021. ಮೊದಲ ವರ್ಷ ಹೆಚ್ಚು ಬಿಗಿ ಮಾಡಿದರು ಎಂದು ಹೇಳುವವರ ಜತೆ ನಾವು ಸ್ವಲ್ಪ ದೂರ ಬರುತ್ತೇವೆ. ಎರಡನೇ ವರ್ಷದ ಹತ್ತಿರ ಬಂದಾಗ ಅವರ ಕೈ ಬಿಡುತ್ತೇವೆ. ಮಾರ್ಚಿಯಲ್ಲೇ ರೋಗ ಏರುತ್ತಿತ್ತು. ಏಪ್ರಿಲ್ 2ರಂದು ಸಿನಿಮಾ ಮಂದಿರದಲ್ಲಿ ಅರ್ಧ ಜನ ಮಾತ್ರ ಎಂದು ಆದೇಶವಾಯಿತು. ಮಾರನೇ ದಿನ ಚಿತ್ರರಂಗದವರು ಹೋಗಿ ಕೇಳಿಕೊಂಡರು. 7ರವರೆಗೆ ತುಂಬಾ ಕೂರಿಸಿ ಎಂದರು. ನಾಲ್ಕು ದಿನದ ಸಡಿಲ. ಸಿನಿಮಾ ನಮಗೂ ಇಷ್ಟವೇ, ಅಲ್ಲೂ ಟಿಕೆಟ್ ಹರಿಯುವ ಬಡವನಿದ್ದಾನೆ. ಆದರೆ ಮುಖ್ಯಮಂತ್ರಿ ಮನೆ ಬಾಗಿಲು ತಟ್ಟಿದವರಿಗೆ ನಾಲ್ಕು ದಿನ ಸಿಕ್ಕಿತು. 2020ರ ಮಾರ್ಚಿಯಲ್ಲಿ ನಾಲ್ಕು ದಿನ ಬೇಕಾಗಿದ್ದ ಕೂಲಿಯವನಿಗೆ ನಾಲ್ಕೇ ಗಂಟೆ. ಏಪ್ರಿಲ್ 17ಕ್ಕೆ ಬೆಳಗಾವಿ, ಮಸ್ಕಿ, ಬಸವಕಲ್ಯಾಣದ ಉಪಚುನಾವಣೆ. ಲಾರಿಗಟ್ಟಲೆ ಜನರನ್ನು ತುಂಬಿ ಭಾಷಣ ಮಾಡಿದರು. ಲಾರಿಯಲ್ಲಿ ತುಂಬಿದ್ದು ಯಾರನ್ನು? ಎಲ್ಲಾ ಮುಗಿದ ಮೇಲೆ ಏಪ್ರಿಲ್ 27ರ ರಾತ್ರಿ ಕರ್ಫ್ಯೂ. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಜನಕ್ಕೆ ರೋಗ.

ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಬೆಳಗಾಗುವುದರೊಳಗೆ 24 ಜನ ಸತ್ತರು ಎಂದು ಸುದ್ದಿ ಬಂತು. ಆಕ್ಸಿಜನ್ ಇಲ್ಲದೆ ಸತ್ತದ್ದು ಮೂರೇ ಜನ ಎಂದು ಸರ್ಕಾರದ ಕಡೆಯಿಂದ ಬಂತು. ಹೈಕೋರ್ಟು ನೇಮಿಸಿದ ಸಮಿತಿ ದಫ್ತರ ತೆರೆದು ನೋಡಿ 36 ಎಂದಿತು. ಜುಲೈನಲ್ಲಿ ಕೇಂದ್ರ ಸರ್ಕಾರ ಪಾರ್ಲಿಮೆಂಟಿನಲ್ಲಿ, ಆಕ್ಸಿಜನ್ ಕೊರತೆಯಿಂದ ಸತ್ತರೆಂದು ಯಾವ ರಾಜ್ಯವೂ ವರದಿ ಮಾಡಿಲ್ಲ ಎಂದಿತು. 24, 3, 36, ಸೊನ್ನೆ. ಜೀವದ ಬೆಲೆ ಕಟ್ಟಿ ಸಡಿಲ ಮಾಡುತ್ತೇವೆ ಎನ್ನುವ ಸರ್ಕಾರಕ್ಕೆ ಮೊದಲು ಹೆಣ ಎಣಿಸಲು ಬರಬೇಕು. ಎಣಿಸದ ಹೆಣವನ್ನು ಯಾವ ತಕ್ಕಡಿಗೆ ಹಾಕುತ್ತೀರಿ? ಕರ್ನಾಟಕದಲ್ಲಿ ಕೊರೋನಾದಿಂದ ಸತ್ತವರು ಸುಮಾರು 40 ಸಾವಿರ ಎಂದು ಸರ್ಕಾರದ ಲೆಕ್ಕ. ಇಡೀ ದೇಶದಲ್ಲಿ 2021ರ ಕೊನೆಗೆ 4.8 ಲಕ್ಷ ಎಂದರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, ಆ ಎರಡು ವರ್ಷದಲ್ಲಿ ಎಂದಿಗಿಂತ ಹೆಚ್ಚಾಗಿ ಸತ್ತವರು 47 ಲಕ್ಷ ಎಂದು ಅಂದಾಜು ಮಾಡಿತು. ಸರ್ಕಾರ ಒಪ್ಪಲಿಲ್ಲ. ನಮ್ಮ ಕೇರಿಯ ಮಟ್ಟಿಗೆ ನಮಗೆ ಲೆಕ್ಕ ಗೊತ್ತು. ಜ್ವರ ಬಂತು, ಮೂರು ದಿನ ಕಷಾಯ ಕುಡಿದ, ಉಸಿರು ಕಟ್ಟಿತು, ಹೋದ. ಪರೀಕ್ಷೆ ಇಲ್ಲ, ಚೀಟಿ ಇಲ್ಲ. 2021ರ ಜೂನ್‌ನಲ್ಲಿ, ದುಡಿಯುವವರನ್ನು ಕಳೆದುಕೊಂಡ ಬಿ.ಪಿ.ಎಲ್. ಮನೆಗೆ ಒಂದು ಲಕ್ಷ ಎಂದು ಸರ್ಕಾರ ಸಾರಿತು. ಚೀಟಿ ಇಲ್ಲದ ಸಾವಿಗೆ ಆ ದುಡ್ಡೂ ಇಲ್ಲ. ಜೂನ್ 14ಕ್ಕೆ ಬೇರೆ ಜಿಲ್ಲೆಗಳ ಬಾಗಿಲು ತೆಗೆದಾಗ, ರೋಗ ಇಳಿಯದ 11 ಜಿಲ್ಲೆಗಳಲ್ಲಿ ಬೀಗ ಹಾಗೇ ಉಳಿಯಿತು. ಅದರಲ್ಲಿ ಹಾಸನವೂ ಒಂದು.

ಇದು ಹೊಸದೇನಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ಬೊಂಬಾಯಿ ನಗರದ ಲೆಕ್ಕ ಉಳಿದಿದೆ. ಸಾವಿರಕ್ಕೆ ಸತ್ತವರು: ಯುರೋಪಿಯನ್ನರಲ್ಲಿ 8.3, ಸವರ್ಣ ಹಿಂದೂಗಳಲ್ಲಿ 18.9, 'ಕೀಳು ಜಾತಿ' ಎಂದು ಬ್ರಿಟಿಷರ ದಫ್ತರ ಬರೆದುಕೊಂಡ ನಮ್ಮವರಲ್ಲಿ 61.6. ರೋಗಕ್ಕೆ ಜಾತಿ ಇಲ್ಲ ಎಂದು 2020ರಲ್ಲಿ ಟಿ.ವಿ.ಯವರು ದಿನಾ ಹೇಳುತ್ತಿದ್ದರು. ರೋಗಕ್ಕೆ ಇಲ್ಲದಿರಬಹುದು, ಗಾಳಿ ಬೆಳಕಿಗೆ ಇದೆ, ಆಸ್ಪತ್ರೆಯ ದೂರಕ್ಕೆ ಇದೆ. ಅದಕ್ಕೂ ಹಿಂದೆ, 1897ರ ಪ್ಲೇಗಿನಲ್ಲಿ, ಪುಣೆಯ ಹತ್ತಿರದ ಮಹಾರರ ಕೇರಿಯಿಂದ ರೋಗ ಹತ್ತಿದ ಒಂದು ಹುಡುಗನನ್ನು ತಾಯಿ ಸಾವಿತ್ರಿಬಾಯಿ ಫುಲೆ ಹೆಗಲ ಮೇಲೆ ಹೊತ್ತು ಮಗನ ದವಾಖಾನೆಗೆ ತಂದರು. ರೋಗ ಅವರಿಗೂ ಹತ್ತಿತು. ಮಾರ್ಚ್ 10ರಂದು ತೀರಿಕೊಂಡರು. ಆ ತಾಯಿ ತೂಗಿ ನೋಡಲಿಲ್ಲ ಎಂದು ಹಾಡುವುದು ಸುಲಭ. ಆದರೆ ನಾವು ಎಲ್ಲರಿಂದ ಅಂಥ ತ್ಯಾಗ ಕೇಳಲಾರೆವು. 2020ರ ಜುಲೈನಲ್ಲಿ ನಮ್ಮ ಆಶಾ ಅಕ್ಕಂದಿರು ಮುಷ್ಕರ ಕೂತರಲ್ಲ, ತಿಂಗಳಿಗೆ 12 ಸಾವಿರ ಕೊಡಿ, ಮಾಸ್ಕು ಗ್ಲೌಸು ಕೊಡಿ ಎಂದು? ಅವರು ಕೇಳಿದ್ದು ನ್ಯಾಯ. ಚಪ್ಪಾಳೆ ತಟ್ಟಿ, ದೀಪ ಹಚ್ಚಿ, ಹೂ ಎರಚಿ ಸಂಬಳ ಕೇಳಿದಾಗ ಮುಖ ತಿರುಗಿಸುವುದು ಈ ವ್ಯವಸ್ಥೆಯ ಹಳೇ ಬೂಟಾಟಿಕೆ.

ಒಂದು ವಿಷಯ ಬಿಟ್ಟಿದ್ದೆವು, ಇಸ್ಕೂಲು. ಹೆಂಡದಂಗಡಿಗೆ ಬೀಗ ಬಿದ್ದಿದ್ದು ನಲವತ್ತು ದಿನ. ಒಂದರಿಂದ ಐದನೇ ಕ್ಲಾಸಿನ ಮಕ್ಕಳ ಶಾಲೆಗೆ ಬೀಗ ಬಿದ್ದಿದ್ದು 2020ರ ಮಾರ್ಚಿಯಲ್ಲಿ, ತೆಗೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! ಉಳ್ಳವರ ಮಕ್ಕಳು ಫೋನಿನಲ್ಲಿ ಓದಿದರು. ನಮ್ಮ ಮನೆಯಲ್ಲಿ ಫೋನು ಒಂದು, ಅದು ಅಪ್ಪನ ಜತೆ ಕೆಲಸಕ್ಕೆ ಹೋಗುತ್ತೆ. ನಡುವೆ ವಿದ್ಯಾಗಮ ಎಂದು ಮೇಷ್ಟ್ರುಗಳು ಊರೂರಿಗೆ ಬಂದು ಅರಳೀಕಟ್ಟೆಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದರು. ಒಳ್ಳೆಯ ಮೇಷ್ಟ್ರುಗಳಿದ್ದರು, ಪ್ರಾಣ ಒತ್ತೆ ಇಟ್ಟು ಬಂದರು. ಆದರೆ ದೇವಸ್ಥಾನದ ಜಗಲಿ ಅಂದರೆ ನಮ್ಮ ಮಕ್ಕಳು ಎಲ್ಲಿ ಕೂರಬೇಕು ಎಂಬುದನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೂ ಅಕ್ಟೋಬರಿನಲ್ಲಿ ನಿಂತಿತು. ಬಿಸಿಯೂಟ ನಿಂತು ಅಕ್ಕಿ ಬೇಳೆ ಕೈಗೆ ಬಂತು. ಮಕ್ಕಳು ಕಾಯಿ ಆಯಲು ಹೋದವು, ಕುರಿ ಹಿಂದೆ ಹೋದವು. ಮದುವೆಯಾಗಿ ಹೋದ ಹುಡುಗಿಯರ ಹೆಸರು ಹಾಜರಿ ಪುಸ್ತಕದಲ್ಲಿ ಇನ್ನೂ ಹಾಗೇ ಇತ್ತು. ಆ ಹೊತ್ತಿನಲ್ಲಿ ಬಾರು, ಮಾಲು, ಮದುವೆ ಛತ್ರ ಎಷ್ಟು ಸಲ ತೆಗೆದು ಮುಚ್ಚಿ ತೆಗೆದಿದ್ದರು! ಇದೂ ಒಂದು ತೂಕವೇ. ರೋಗ ಏರದಷ್ಟು ಸಡಿಲ ಮಾಡಲು ಜಾಗ ಇತ್ತು ಅಂದರೆ, ಆ ಸ್ವಲ್ಪ ಜಾಗವನ್ನು ಯಾರಿಗೆ ಕೊಟ್ಟರು? ತೆರಿಗೆ ಕೊಡುವ ಬಾಟಲಿಗೆ. ಓಟು ಇಲ್ಲದ ಮಗುವಿಗೆ ಕೊಡಲಿಲ್ಲ.

ಸರ್ಕಾರ ಅಂದಮೇಲೆ ಲೆಕ್ಕ ಹಾಕಲೇಬೇಕು. ಒಂದು ಸಾವೂ ಆಗಬಾರದು ಎಂದು ಎಂಟು ವರ್ಷ ಬೀಗ ಹಾಕಿ ಕೂರಲು ಆಗುವುದಿಲ್ಲ. ಇದನ್ನು ನಾವು ಒಪ್ಪುತ್ತೇವೆ. ಒಪ್ಪದೆ ಇರುವುದು ಯಾವುದನ್ನು ಅಂದರೆ, ನಮ್ಮ ಜೀವ ಅಗ್ಗ, ಅವರ ವ್ಯಾಪಾರ ತುಟ್ಟಿ ಎಂದು ಮೊದಲೇ ಬರೆದಿಟ್ಟುಕೊಂಡು ಆಮೇಲೆ ಕೂಡಿ ಕಳೆಯುವುದನ್ನು. ರೋಗ ಏರುವಾಗ ಮುಚ್ಚಲಿ, ತಡ ಮಾಡದೆ ಮುಚ್ಚಲಿ. ಕೂಲಿ ಮೊದಲು ಕೈಗೆ ಬರಲಿ. ನ್ಯೂಜಿಲೆಂಡಿನಲ್ಲಿ ಬಾಗಿಲು ಮುಚ್ಚಿದಾಗ ಸರ್ಕಾರವೇ ವಾರದ ಸಂಬಳದ ಪಾಲು ಕೊಟ್ಟಿತು. ಅದು ಶ್ರೀಮಂತ ದೇಶ ಎನ್ನುತ್ತೀರಾ? ಪಕ್ಕದ ಕೇರಳ ಮಾರ್ಚ್ 19ಕ್ಕೇ, ದೇಶ ಮುಚ್ಚುವ ಮೊದಲೇ, 20 ಸಾವಿರ ಕೋಟಿಯ ಯೋಜನೆ ಸಾರಿತು, ಕಾರ್ಡಿನ ಮನೆಗಳಿಗೆಲ್ಲಾ ದಿನಸಿಯ ಚೀಲ ಕೊಟ್ಟಿತು. ನಮ್ಮಲ್ಲಿ 2021ರ ಏಪ್ರಿಲ್‌ನಲ್ಲಿ ರೇಷನ್ ಅಕ್ಕಿ ಇಳಿಸಿದ್ದನ್ನು ಫೋನು ಮಾಡಿ ಕೇಳಿದ ರೈತನಿಗೆ ಆಗಿನ ಆಹಾರ ಮಂತ್ರಿ ಸಾಯುವುದೇ ಮೇಲು ಎಂಬಂಥ ಉತ್ತರ ಕೊಟ್ಟು, ಆಮೇಲೆ ವಿಷಾದ ಹೇಳಬೇಕಾಯಿತು. ರೋಗ ತಡೆಯಲು ಎಂದು 2020ರಲ್ಲೇ ರಾಜ್ಯ ಒಂದು ಕಾನೂನು ಮಾಡಿಕೊಂಡಿದೆ. ಅದರಲ್ಲಿ ಮುಚ್ಚುವ ಅಧಿಕಾರ ಇದೆ, ದಂಡ ಇದೆ, ಜೈಲು ಇದೆ. ಬೀಗದ ದಿನಗಳ ಕೂಲಿಯನ್ನು ಕೂಲಿಯವನಿಗೆ ಕಟ್ಟಿಕೊಡಲೇಬೇಕು ಎಂಬ ಕಟ್ಟಳೆ ಇಲ್ಲ. ಇನ್ನೊಂದು ರೋಗ ಬರುವುದಿಲ್ಲ ಎಂದು ಯಾವ ಡಾಕ್ಟರೂ ಹೇಳುತ್ತಿಲ್ಲ.

ಆದ್ದರಿಂದ ಮುಂದಿನ ಗ್ರಾಮಸಭೆಗೆ ನಾವು ಬರೀ ಬೀದಿ ದೀಪ, ಚರಂಡಿ ಎಂದು ಹೋಗುವುದು ಬೇಡ. ಮುಚ್ಚುವ ದಿನ ಕೂಲಿ. ತೆಗೆಯುವಾಗ ಶಾಲೆ ಮೊದಲು, ಬಾಟಲಿ ಕೊನೆಗೆ. ತೀರ್ಮಾನ ಮಾಡುವ ಸಮಿತಿಯಲ್ಲಿ ಆಶಾ ಅಕ್ಕ, ಪೌರಕಾರ್ಮಿಕ, ಕೂಲಿಯವರು ಕೂರಬೇಕು, ಬಿಲ್ಡರು ಮಾತ್ರ ಅಲ್ಲ. ಇಷ್ಟನ್ನು ಅರ್ಜಿ ಬರೆದಿದ್ದೇವೆ, ಕನ್ನಡದಲ್ಲೇ. ಜತೆಗೆ ಒಂದು ಗೆರೆ ಹಾಕಿದ ನೋಟ್‌ಬುಕ್ಕು ಇಟ್ಟಿದ್ದೇವೆ. 2021ರ ಏಪ್ರಿಲ್‌ನಿಂದ ಜೂನ್‌ವರೆಗೆ ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಜ್ವರ ಬಂದು ಉಸಿರು ಕಟ್ಟಿ ಹೋದವರ ಹೆಸರು, ವಯಸ್ಸು, ಏನು ಕೆಲಸ ಮಾಡುತ್ತಿದ್ದರು, ಇಷ್ಟನ್ನು ಬರೆಸಿ. ಚೀಟಿ ಇದ್ದರೂ ಬರೆಸಿ, ಇಲ್ಲದಿದ್ದರೂ ಬರೆಸಿ. ಹೇಳುತ್ತಾ ಹೋದರೆ ನಮ್ಮ ಹುಡುಗಿಯರು ಬರೆದುಕೊಳ್ಳುತ್ತಾರೆ. ಸಹಿ ಬಾರದವರಿಗೆ ಇಂಕ್ ಪ್ಯಾಡು ತಂದಿದ್ದೇವೆ, ಅಲ್ಲಿ ಮೇಜಿನ ಮೇಲೆ, ನೀರಿನ ಬಿಂದಿಗೆ ಪಕ್ಕದಲ್ಲಿದೆ.